ಟ್ರ್ಯಾಕಿಲ್ಲದ ನಾಡಿನಲ್ಲಿ ರೇಸಿನ ತಂಡ ಕಟ್ಟಿದವರು

ಬೆಂಗಳೂರು–ಪುಣೆ ಹೆದ್ದಾರಿಯೂ ಸೊಲ್ಲಾಪುರದಿಂದ ಹೊಳಲ್ಕೆರೆ, ಶಿವಮೊಗ್ಗ ಹಾಯ್ದು ಮಂಗಳೂರಿಗೆ ಇಳಿಯುವ ಹಳೆಯ ದಾರಿಯೂ ಕೂಡುವ ಊರು ಚಿತ್ರದುರ್ಗ. ಹಗಲೂ ರಾತ್ರಿ ಲಾರಿ ಓಡಾಡುವ ಊರೆಂದ ಮೇಲೆ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಪಂಕ್ಚರ್ ಶಾಪುಗಳಿಗೆ ಬರವಿಲ್ಲ. ಸ್ಪ್ಯಾನರ್ ಹಿಡಿದೇ ಬೆಳೆದ ಹುಡುಗರಿಗೂ ಬರವಿಲ್ಲ. ಆದರೂ ಕಾರ್ ರೇಸಿನ ಮಾತು ಬಂದಾಗ ಈ ಜಿಲ್ಲೆಯ ಹೆಸರು ಕೇಳಿಬರುವುದು ಹೆಚ್ಚಾಗಿ ಬೇರೆಯವರ ಓಟಕ್ಕೆ ದಾರಿ ಬಿಟ್ಟುಕೊಟ್ಟ ಸೀಮೆಯಾಗಿ. ಇದರ ಹಿಂದೆ ಇಡೀ ಕರ್ನಾಟಕದ ಕಥೆಯಿದೆ. ತಮಿಳುನಾಡಿನಲ್ಲಿ ಇರುಂಗಾಟ್ಟುಕೋಟೈ, ಕೊಯಮತ್ತೂರುಗಳಲ್ಲಿ ಟ್ರ್ಯಾಕುಗಳಿವೆ. ನಮ್ಮಲ್ಲಿ ಆ ದರ್ಜೆಯದು ಒಂದೂ ಇಲ್ಲ. ಇದು ಕೊರತೆ ಎಂದೇ ಎಲ್ಲರೂ ಹೇಳುತ್ತಾರೆ. ನನಗೆ ಅಷ್ಟು ಖಚಿತವಿಲ್ಲ. ಟ್ರ್ಯಾಕ್ ಇಲ್ಲದ್ದರಿಂದಲೇ ಇಲ್ಲಿ ಗೆಳೆಯರು ಸೇರಿ ಕಟ್ಟುವ ತಂಡ ಇಷ್ಟು ಕಾಲ ಬದುಕಿತು ಎಂಬುದು ನನ್ನ ಎಣಿಕೆ.

ದಕ್ಷಿಣ ಭಾರತದ ರೇಸಿಂಗಿಗೆ ಮೊದಲ ನೆಲೆ ಚೆನ್ನೈ ಹತ್ತಿರದ ಶೋಳವರಂ. ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಅದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅದನ್ನು ಓಟದ ಬಯಲಾಗಿಸಿತು. ರಾಜಮನೆತನದವರು, ಗಿರಣಿ ಮಾಲೀಕರು ಹೊರದೇಶದ ಹಳೆಯ ರೇಸ್ ಕಾರುಗಳನ್ನು ತರಿಸಿಕೊಂಡು ಓಡಿಸುತ್ತಿದ್ದರು. ವಿಜಯ್ ಮಲ್ಯ ಎನ್‌ಸೈನ್ ಕಾರು ಓಡಿಸಿದ್ದೂ ಅಲ್ಲಿಯೇ. ಅಷ್ಟು ದುಡ್ಡಿಲ್ಲದವರು ಫಿಯಟ್, ಅಂಬಾಸಿಡರ್‌ಗಳ ಎಂಜಿನ್ ಬಿಚ್ಚಿ, ಕೈಯಾರೆ ಬೆಸೆದ ಚೌಕಟ್ಟಿಗೆ ಕೂರಿಸಿ ‘ಸ್ಪೆಷಲ್’ ಎಂಬ ಕಾರು ಮಾಡಿಕೊಂಡು ಬರುತ್ತಿದ್ದರು. ಹವ್ಯಾಸಿ ತಂಡದ ಬೇರು ಇರುವುದು ಈ ಸ್ಪೆಷಲ್‌ಗಳಲ್ಲಿ. ಒಬ್ಬನ ಷೆಡ್ಡು, ಇನ್ನೊಬ್ಬನ ಎಂಜಿನ್ನು, ಮತ್ತೊಬ್ಬನ ಲೇತ್ ಮೆಷಿನ್ನು ಕೂಡಿದರೆ ಒಂದು ಕಾರು.

ಬ್ರಿಟನ್ನಿನಲ್ಲೂ ಹೀಗೇ ಆಗಿತ್ತು. ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ಭಕ್ತರು 1939ರಲ್ಲಿ 750 ಮೋಟಾರ್ ಕ್ಲಬ್ ಕಟ್ಟಿಕೊಂಡರು. ಅಂಥದೇ ಒಂದು ಹಳೆಯ ಆಸ್ಟಿನ್ನನ್ನು 1948ರ ಸುಮಾರಿಗೆ ಷೆಡ್ಡಿನಲ್ಲಿ ಮರುಕಟ್ಟಿದ ಕಾಲಿನ್ ಚಾಪ್‌ಮನ್ ಮುಂದೆ ಲೋಟಸ್ ಕಂಪನಿಯನ್ನೇ ಕಟ್ಟಿದ. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಲೆಮನ್ಸ್ ಎಂಬ ಓಟದ ನಿಯಮ ಇನ್ನೂ ತಮಾಷೆಯದು: ಕಾರಿನ ಬೆಲೆ 500 ಡಾಲರ್ ಮೀರಬಾರದು, ಗೆಳೆಯರು ಸರದಿಯಲ್ಲಿ ಗಂಟೆಗಟ್ಟಲೆ ಓಡಿಸಬೇಕು. ನಮ್ಮಲ್ಲಿ ಅಂಥ ದೀರ್ಘ ಓಟ ಬೇರೂರಲೇ ಇಲ್ಲ. ಆ ಜಾಗವನ್ನು ತುಂಬಿದ್ದು ರ‍್ಯಾಲಿ.

ದೇಶದ ಮೋಟಾರ್ ಕ್ರೀಡೆಗೆ 1971ರಲ್ಲಿ ಒಕ್ಕೂಟ ಬಂತು. ಅದೇ ದಶಕದಲ್ಲಿ ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕೆ-1000 ರ‍್ಯಾಲಿಯನ್ನು ಆರಂಭಿಸಿತು. ದೇಶದ ಹಳೆಯ ರ‍್ಯಾಲಿಗಳ ಪೈಕಿ ಇನ್ನೂ ಉಸಿರಾಡುತ್ತಿರುವ ಕೆಲವೇ ಓಟಗಳಲ್ಲಿ ಅದೂ ಒಂದು. ರ‍್ಯಾಲಿಗೆ ಟ್ರ್ಯಾಕ್ ಬೇಡ. ಊರಾಚೆಯ ಮಣ್ಣುದಾರಿ ಬೇಕು, ಅದನ್ನು ಕೆಲವು ಗಂಟೆ ಮುಚ್ಚಲು ಅನುಮತಿ ಬೇಕು, ಮುಖ್ಯವಾಗಿ ಕೈಗಳು ಬೇಕು. ಒಬ್ಬ ಓಡಿಸಿದರೆ ಪಕ್ಕದಲ್ಲಿ ಕೂತ ನ್ಯಾವಿಗೇಟರ್ ಪೇಸ್ ನೋಟ್ಸ್ ಓದಬೇಕು: ಮುಂದಿನ ತಿರುವು ಎಷ್ಟು ಚೂಪು, ದಿಬ್ಬದ ಆಚೆ ಏನಿದೆ, ಎಲ್ಲಿ ಬ್ರೇಕು. ನೋಟ್ಸ್ ಬರೆದುಕೊಳ್ಳಲು ಮುಂಚೆಯೇ ಆ ದಾರಿಯಲ್ಲಿ ನಿಧಾನವಾಗಿ ಓಡಾಡಿ ರೆಕ್ಕಿ ಮಾಡಿರಬೇಕು. ಗೊತ್ತಾದ ಹೊತ್ತಿಗೆ ತಲುಪಬೇಕಾದ ಟೈಮ್ ಕಂಟ್ರೋಲಿಗೆ ಒಂದು ನಿಮಿಷ ತಡವಾದರೆ ಹತ್ತು ಸೆಕೆಂಡು ದಂಡ, ಒಂದು ನಿಮಿಷ ಬೇಗ ಹೋದರೆ ಪೂರ್ತಿ ಒಂದು ನಿಮಿಷ ದಂಡ. ಅವಸರಕ್ಕೆ ಹೆಚ್ಚಿನ ಶಿಕ್ಷೆ ಕೊಡುವ ರೇಸು ಇದೊಂದೇ ಇರಬೇಕು! ಈ ಲೆಕ್ಕವೆಲ್ಲ ನ್ಯಾವಿಗೇಟರನ ತಲೆಯ ಮೇಲೆ. ಕಾಸರಗೋಡಿನ ಮೂಸಾ ಶರೀಫ್ ಸ್ಟಿಯರಿಂಗ್ ಹಿಡಿಯದೆ, ಬರೀ ಆ ಎಡಗಡೆಯ ಸೀಟಿನಲ್ಲಿ ಕೂತು ದೇಶದ ಹೆಸರಾಂತ ರ‍್ಯಾಲಿಪಟು ಆದವರು.

ಉಳಿದವರ ಜಾಗ ಸರ್ವೀಸ್ ಪಾರ್ಕು. ಸ್ಟೇಜುಗಳ, ಅಂದರೆ ಸಮಯ ಅಳೆದು ಓಡಿಸುವ ದಾರಿಯ ತುಂಡುಗಳ ನಡುವೆ ಕಾರು ಬಂದು ನಿಂತಾಗ ಸಿಗುವುದು ಸಾಮಾನ್ಯವಾಗಿ ಅರ್ಧ ಗಂಟೆ, ಕೆಲವೊಮ್ಮೆ ಅಷ್ಟೂ ಇಲ್ಲ. ಅಷ್ಟರಲ್ಲಿ ಶಾಕ್ ಅಬ್ಸಾರ್ಬರ್ ಬದಲಿಸಬೇಕು, ಸಂಪ್ ಗಾರ್ಡ್ ಬಿಚ್ಚಿ ನೋಡಬೇಕು, ಟೈರು ಹಾಕಬೇಕು, ಬಗ್ಗಿದ್ದನ್ನು ಬಡಿದು ನೆಟ್ಟಗೆ ಮಾಡಬೇಕು. ಬಯಲುಸೀಮೆಯ ಹಳ್ಳಿಗಳಲ್ಲಿ ನಡೆಯುವ ಜೋಡೆತ್ತಿನ ಗಾಡಿ ಓಟ ನೋಡಿದವರಿಗೆ ಈ ಏರ್ಪಾಡು ಹೊಸದೆನಿಸದು. ಗಾಡಿ ಹೊಡೆಯುವವನೊಬ್ಬ, ಎತ್ತು ಸಾಕಿದವನೊಬ್ಬ, ಮೇವು ನೋಡುವವನೊಬ್ಬ, ಖರ್ಚಿಗೆ ಕೈ ಹಾಕುವವರು ನಾಲ್ಕು ಜನ; ಗೆದ್ದರೆ ಮೆರವಣಿಗೆ ಮಾತ್ರ ಎಲ್ಲರದು.

ಕಾರು ಬದಲಾದಂತೆ ತಂಡದ ಸ್ವರೂಪವೂ ಬದಲಾಯಿತು. ಫಿಯಟ್ ಕಾಲದಲ್ಲಿ ಗೆಲುವೆಂದರೆ ಕೊನೆತನಕ ಓಡಿ ಮುಗಿಸುವುದು. 1983ರ ಕೊನೆಗೆ ಮಾರುತಿ 800 ಬಂತು, 1985ರಲ್ಲಿ ಜಿಪ್ಸಿ ಬಂತು. ಜಿಪ್ಸಿ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ, ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತಿತ್ತು, ಬಿದ್ದರೆ ಎತ್ತಿ ನಿಲ್ಲಿಸಿ ಮತ್ತೆ ಓಡಿಸಬಹುದಿತ್ತು. ತೊಂಬತ್ತರ ದಶಕದ ಖಾಸಗಿ ರ‍್ಯಾಲಿ ತಂಡಗಳನ್ನು ಜಿಪ್ಸಿ ಮತ್ತು ಎಸ್ಟೀಮ್ ಸಾಕಿದವು ಎಂದರೆ ತಪ್ಪಿಲ್ಲ. ಆಮೇಲೆ ಮಿತ್ಸುಬಿಷಿ ಸೀಡಿಯಾ ಬಂತು, ಪೋಲೋ ಬಂತು. ಎಂಜಿನ್ನಿನ ಒಳಗೆ ಕಂಪ್ಯೂಟರ್ ಸೇರಿತು. ಕಿವಿಗೊಟ್ಟು ಎಂಜಿನ್ನಿನ ರೋಗ ಹೇಳುತ್ತಿದ್ದ ಮೆಕ್ಯಾನಿಕ್ಕಿನ ಪಕ್ಕ ಲ್ಯಾಪ್‌ಟಾಪ್ ಹಿಡಿದ ಹುಡುಗ ನಿಂತ. ಟೈರ್ ಕಂಪನಿಗಳು ಸ್ವಂತ ತಂಡ ಇಳಿಸಿದ ಮೇಲೆ ಗೆಳೆಯರ ತಂಡಗಳು ಒಟ್ಟಾರೆ ಪ್ರಶಸ್ತಿಯ ಆಸೆ ಬಿಟ್ಟು ತಮ್ಮ ಸಿ.ಸಿ. ವರ್ಗದೊಳಗಿನ ಕಪ್ಪಿಗೆ ಗುರಿಯಿಟ್ಟವು.

ಟ್ರ್ಯಾಕಿನ ಕಥೆ ಬೇರೆ ದಿಕ್ಕು ಹಿಡಿಯಿತು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಬಳಸಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಕಾರು ರೂಪಿಸಿದರು. ರೇಸ್ ಕಾರು ಮಧ್ಯಮ ವರ್ಗದ ಕೈಗೆಟುಕುವ ಹತ್ತಿರಕ್ಕೆ ಬಂದದ್ದು ಆಗ. ಅವರು 1995ರಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು, 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರಿನದು. ಆನಂತರ ಬಂದವು ಎಲ್ಲರಿಗೂ ಒಂದೇ ಬಗೆಯ ಕಾರು ಕೊಡುವ ಕಪ್‌ಗಳು. ಫೋಕ್ಸ್‌ವ್ಯಾಗನ್ ಪೋಲೋ ಕಪ್ಪಿನಂಥ ಪಂದ್ಯದಲ್ಲಿ ಕಾರು ಕಂಪನಿಯದು, ಮೆಕ್ಯಾನಿಕ್ ಕಂಪನಿಯವನು. ಓಟಗಾರ ಹೆಲ್ಮೆಟ್ ತಂದರಾಯಿತು. ಪ್ರತಿಭೆ ಅಳೆಯಲು ಇದಕ್ಕಿಂತ ನ್ಯಾಯವಾದ ಕ್ರಮವಿಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಗೆಳೆಯರಿಗೆ ಕೆಲಸವಿಲ್ಲ, ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟುವುದಷ್ಟೇ. 2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್‌ಗೆ ಹೋದದ್ದು, 2011ರಿಂದ 2013ರವರೆಗೆ ಗ್ರೇಟರ್ ನೋಯ್ಡಾದಲ್ಲಿ ಗ್ರ್ಯಾನ್ ಪ್ರಿ ನಡೆದದ್ದು, ಈಚೆಗೆ ಕಿಚ್ಚ ಸುದೀಪ್ ಬೆಂಗಳೂರು ಹೆಸರಿನ ರೇಸಿಂಗ್ ತಂಡದ ಒಡೆತನಕ್ಕೆ ಕೈಹಾಕಿದ್ದು ಎಲ್ಲವೂ ಸಂತೋಷದ ಸುದ್ದಿಯೇ. ಹವ್ಯಾಸಿ ತಂಡದ ಚರಿತ್ರೆಗೆ ಅವು ಹೆಚ್ಚೇನೂ ಸೇರಿಸಲಿಲ್ಲ.

ಆ ಚರಿತ್ರೆ ಮುಂದುವರಿದದ್ದು ಮಲೆನಾಡಿನ ಕಾಫಿ ತೋಟಗಳಲ್ಲಿ. ತೋಟದೊಳಗಿನ ರಸ್ತೆ ಖಾಸಗಿ, ತಿರುವು ಧಾರಾಳ, ಗೇಟು ಹಾಕಿದರೆ ದನಕರುವಿನ ಭಯವಿಲ್ಲ. ಚಿಕ್ಕಮಗಳೂರಿನ ಕ್ಲಬ್ಬು ನಡೆಸಿದ ಕಾಫಿ ಡೇ ರ‍್ಯಾಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತಾಗುವ ಮಟ್ಟಕ್ಕೆ ಬೆಳೆಯಿತು. ಕೊಡಗಿನಲ್ಲಿ ರೋಬಸ್ಟಾ ರ‍್ಯಾಲಿ ಬಂತು. ಮೈಸೂರಿನಲ್ಲಿ ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಬಯಲಲ್ಲಿ ದಸರಾ ಹೊತ್ತಿಗೆ ಗ್ರಾವೆಲ್ ಫೆಸ್ಟ್ ನಡೆಯುತ್ತದೆ. ಹೊಸಬರ ತಂಡಕ್ಕೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಕಡಿಮೆ. ಕರ್ಣ ಕಡೂರ್ ಅವರಂಥ ರಾಷ್ಟ್ರೀಯ ಚಾಂಪಿಯನ್ನರು ಬಂದದ್ದು ಈ ಮಣ್ಣಿನ ದಾರಿಗಳಿಂದ.

ಇನ್ನೊಂದು ಕವಲು ಎಂಜಿನಿಯರಿಂಗ್ ಕಾಲೇಜುಗಳದ್ದು, ನನ್ನ ಕುತೂಹಲ ಹೆಚ್ಚು ಇರುವುದು ಅಲ್ಲಿ. ಬೆಂಗಳೂರಿನ ಆರ್.ವಿ. ಕಾಲೇಜಿನ ಹುಡುಗರು 2003ರಲ್ಲಿ ಅಶ್ವ ರೇಸಿಂಗ್ ಕಟ್ಟಿದರು. ಮಣಿಪಾಲದಲ್ಲಿ ಫಾರ್ಮುಲಾ ಮಣಿಪಾಲ್ ಹುಟ್ಟಿತು, ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಮತ್ತೊಂದು ತಂಡ. ಇವರು ಆಡುವುದು ಫಾರ್ಮುಲಾ ಸ್ಟೂಡೆಂಟ್ ಎಂಬ ಸ್ಪರ್ಧೆ. ಕಾರನ್ನು ಕೊಳ್ಳುವಂತಿಲ್ಲ, ಕಟ್ಟಬೇಕು. ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲ 20 ಮಿ.ಮೀ. ರಂಧ್ರದಲ್ಲಿ ನುಸುಳಬೇಕೆಂಬ ನಿಯಮವಿದೆ, ಶಕ್ತಿಗೆ ಕಡಿವಾಣ ಹಾಕಲು. ಕೆ.ಟಿ.ಎಂ. 390 ಬೈಕಿನ ಎಂಜಿನ್ ನಮ್ಮ ತಂಡಗಳ ನೆಚ್ಚಿನ ಆಯ್ಕೆ. ಒಟ್ಟು 1000 ಅಂಕದಲ್ಲಿ 325 ಅಂಕ ಕಾರು ಓಡುವ ಮುಂಚೆಯೇ ತೀರ್ಮಾನ: ವಿನ್ಯಾಸಕ್ಕೆ 150, ಖರ್ಚಿನ ಲೆಕ್ಕಕ್ಕೆ 100, ವ್ಯಾಪಾರದ ಯೋಜನೆ ಮಂಡಿಸಿದ್ದಕ್ಕೆ 75. ತಂಡ ಒಡೆಯುವುದು ವೇಗದಿಂದಲ್ಲ, ಲೆಕ್ಕಪತ್ರದಿಂದ ಎಂಬುದನ್ನು ಈ ನಿಯಮ ಬರೆದವರು ಚೆನ್ನಾಗಿ ಅರಿತಿದ್ದರು. ಪ್ರಾಯೋಜಕರ ಬಾಗಿಲು ತಟ್ಟುವವನು, ಜಿಎಸ್‌ಟಿ ಬಿಲ್ಲು ಜೋಡಿಸುವವಳು, ರಾತ್ರಿ ವೆಲ್ಡಿಂಗಿಗೆ ನಿಲ್ಲುವವನು ಇಲ್ಲಿ ಡ್ರೈವರಿಗೆ ಸಮ. ಕಷ್ಟವೆಂದರೆ ನಾಲ್ಕು ವರ್ಷಕ್ಕೆ ತಂಡವೇ ಪದವಿ ಪಡೆದು ಹೋಗಿಬಿಡುತ್ತದೆ. ಕಲಿತದ್ದನ್ನು ಜೂನಿಯರುಗಳಿಗೆ ಬರೆದಿಟ್ಟು ಹೋದ ತಂಡ ಉಳಿಯುತ್ತದೆ, ಉಳಿದವು ಒಂದು ಕಾರು ಮಾಡಿ ಮುಚ್ಚುತ್ತವೆ. ಈಚೆಗೆ ಬ್ಯಾಟರಿ ಕಾರಿನ ವಿಭಾಗ ಬಂದ ಮೇಲೆ ಮೆಕ್ಯಾನಿಕಲ್ ಹುಡುಗರು ಎಲೆಕ್ಟ್ರಿಕಲ್ ವಿಭಾಗದ ಬಾಗಿಲಲ್ಲಿ ಗೆಳೆಯರನ್ನು ಹುಡುಕುತ್ತಿದ್ದಾರೆ.

ಸಾವಿನ ಮಾತನ್ನೂ ಆಡಬೇಕು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಬಳಿ, ಮುಚ್ಚಿದ್ದ ಸ್ಟೇಜಿನೊಳಗೆ ಬಂದ ಬೈಕಿಗೆ ರ‍್ಯಾಲಿ ಕಾರು ಬಡಿದು ಒಂದೇ ಮನೆಯ ಮೂವರು ಹೋದರು. 2023ರ ಆಗಸ್ಟಿನಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಬೈಕ್ ರೇಸರ್ ಬಾಲಕ ಸತ್ತ. ಪರವಾನಗಿ, ರೋಲ್ ಕೇಜ್, ಬೆಂಕಿ ತಡೆಯುವ ಉಡುಪು, ಓಟಕ್ಕೆ ಮುಂಚಿನ ಸ್ಕ್ರುಟಿನಿ ಇವೆಲ್ಲ ಕಿರಿಕಿರಿ ಎನ್ನುವ ತಂಡದಿಂದ ದೂರವಿರುವುದು ಕ್ಷೇಮ. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸು ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿ ಮೊದಲ ಸಲದ ದಂಡವನ್ನು 500 ರೂಪಾಯಿಯಿಂದ 5,000ಕ್ಕೆ ಏರಿಸಿತು, ಸೆರೆವಾಸವನ್ನು ಮೂರು ತಿಂಗಳವರೆಗೆ ಒಯ್ದಿತು. ಹೆದ್ದಾರಿಯ ಪಕ್ಕ ಬೆಳೆದ ನಮ್ಮ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕಿದೆ.

ಮತ್ತೆ ದುರ್ಗದ ಕಡೆಗೆ. ಚಂದ್ರವಳ್ಳಿ, ಜೋಗಿಮಟ್ಟಿ ಸುತ್ತಿನ ಏರಿಳಿತ ನೋಡಿದರೆ ಯಾವ ರ‍್ಯಾಲಿಯವನಿಗೂ ಕೈ ತುರಿಸುತ್ತದೆ. ಆದರೆ ಒಂದು ಕಡೆ ಪುರಾತತ್ವ, ಇನ್ನೊಂದು ಕಡೆ ಅರಣ್ಯ. ಅಲ್ಲಿ ಓಟ ನಡೆಯಬಾರದು, ನಡೆಯದಿರುವುದೇ ಸರಿ. ಚಳ್ಳಕೆರೆ ಬಳಿ 2017ರಲ್ಲಿ ತೆರೆದ ರಕ್ಷಣಾ ಸಂಶೋಧನೆಯ ಪರೀಕ್ಷಾ ಕೇಂದ್ರದಲ್ಲಿ 2 ಕಿ.ಮೀ. ಮೀರಿದ ರನ್‌ವೇ ಇದೆ. ಶೋಳವರಂನಲ್ಲಿ ಸೇನೆ ಬಿಟ್ಟುಹೋದ ಪಟ್ಟಿ ರೇಸಿಗೆ ದಕ್ಕಿತ್ತು, ಇಲ್ಲಿನದು ಪರೀಕ್ಷಾ ಹಾರಾಟಗಳಿಗೆ ಮೀಸಲು. ಉಳಿದದ್ದು ಗಾಳಿಯಂತ್ರದ ಗುಡ್ಡಗಳು. ರೆಕ್ಕೆಗಳನ್ನು ಸಾಗಿಸಲು ಕಂಪನಿಗಳು ಕಡಿದ ಅಗಲವಾದ ಮಣ್ಣುದಾರಿಗಳು ಅಲ್ಲಿವೆ. ಬೆಂಗಳೂರಿನಿಂದ ಹೊರಟ ದಕ್ಷಿಣ್ ಡೇರ್ ರ‍್ಯಾಲಿ ಕೆಲವು ಸಲ ಈ ಜಿಲ್ಲೆಯಲ್ಲೇ ಸ್ಟೇಜು ಹಾಕಿತ್ತು.

ಆ ರ‍್ಯಾಲಿಗಳಲ್ಲಿ ವೇಗದ ವಿಭಾಗದ ಜೊತೆಗೆ ಟಿ.ಎಸ್.ಡಿ. ಎಂಬುದೂ ಇರುತ್ತದೆ. ಕೊಟ್ಟ ದೂರವನ್ನು ಕೊಟ್ಟ ಸರಾಸರಿ ವೇಗದಲ್ಲಿ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಮುಗಿಸಬೇಕು. ಅದಕ್ಕೆ ಮನೆಯ ಕಾರೇ ಸಾಕು, ರೋಲ್ ಕೇಜ್ ಬೇಡ. ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ಇರುವ ಇಬ್ಬರು ಗೆಳೆಯರು ತಂಡ ಕಟ್ಟುವುದಾದರೆ ಅಲ್ಲಿಂದ ಶುರು ಮಾಡಲಿ. ಒಬ್ಬನಿಗೆ ಸ್ಥಿರವಾದ ಕಾಲು ಇರಬೇಕು, ಇನ್ನೊಬ್ಬನಿಗೆ ಕುಲುಕಾಟದಲ್ಲಿ ಪುಸ್ತಕ ನೋಡುತ್ತಾ ಲೆಕ್ಕ ಮಾಡಿದರೂ ವಾಂತಿ ಬರಬಾರದು. ಮೂರನೆಯವನು ಸಿಕ್ಕಿದ ಮೇಲೆ ಖರ್ಚಿನ ಪುಸ್ತಕ ಅವನ ಕೈಗೆ ಕೊಡಬೇಕು.