ಮೈಕಿನ ಹಣೆಬರಹ

ಮೊನ್ನೆ ಮಳೆಗಾಲದಲ್ಲಿ ಊರಿಗೆ, ಅಂದರೆ ನೆರಿಯಕ್ಕೆ ಹೋಗಿದ್ದೆ. ಜಡಿಮಳೆ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಹೊತ್ತು ಹೋಗದೆ ಕಕ್ಕಿಂಜೆ ಕಡೆ ಇರುವ ನಮ್ಮ ಪರಿಚಯದ ಮೈಕಿನಣ್ಣನ ಮನೆಗೆ ನುಗ್ಗಿದೆ. ಮದುವೆ, ಭಜನೆ, ಕೋಲ, ಆಟ ಅಂತ ಮೂವತ್ತು ವರ್ಷ ಮೈಕ್ ಕಟ್ಟಿದ ಜನ. ಈಗ ದೊಡ್ಡ ದೊಡ್ಡ ಬಾಕ್ಸಿನವರ ಎದುರು ತನ್ನ ಹಾರ್ನ್ ಯಾರಿಗೂ ಬೇಡ ಅಂತ ಎಲ್ಲ ಮಾರುವ ಯೋಚನೆಯಲ್ಲಿದ್ದರು.

"ಅಟ್ಟದಲ್ಲಿ ಒಂದು ಗೋಣಿ ಮೈಕ್ ಉಂಟು. ಬೇಕಾದ್ದು ತೆಕ್ಕೊಳ್ಳಿ ಮಾರಾಯ್ರೆ. ಗುಜರಿಯವನಿಗೆ ಕೊಡುವುದಕ್ಕಿಂತ ಒಳ್ಳೇದಲ್ವಾ?"

ನನಗೆ ಮೈಕ್ ಬೇಕಿತ್ತು. ಯಾಕೆಂದು ಹೇಳುತ್ತೇನೆ. ನಮ್ಮ ದೊಡ್ಡಪ್ಪ ಹವ್ಯಾಸಿ ಭಾಗವತರು. ಕಳೆದ ವರ್ಷ ಮನೆಯಲ್ಲೇ ತಾಳಮದ್ದಳೆ ಇಟ್ಟುಕೊಂಡಿದ್ದೆವು. ಅವರ ಪದ ರೆಕಾರ್ಡ್ ಮಾಡಲೆಂದು ಬೆಂಗಳೂರಿನಲ್ಲಿ ಎರಡು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಮೈಕ್ ಕೊಂಡಿದ್ದೆ. ಮೇಲೆ 'ಶೂರ್ ಎಸ್‌ಎಂ58' ಅಂತ ಬರೆದಿತ್ತು. ಇಷ್ಟು ಕಡಿಮೆಗೆ ಸಿಕ್ಕಿತಲ್ಲ ಅಂತ ಬೀಗಿದ್ದೇ ಬೀಗಿದ್ದು! ಮನೆಗೆ ಬಂದು ಕೇಳಿದರೆ ದೊಡ್ಡಪ್ಪನ ಸ್ವರ ಡಬ್ಬದೊಳಗಿಂದ ಬಂದ ಹಾಗೆ. ಮದ್ದಳೆಯ ಪೆಟ್ಟು ಒಂದೂ ಸರಿ ಇಲ್ಲ. ಅಂದು ಮದ್ದಳೆ ಬಾರಿಸಿದವರು ಈ ವರ್ಷ ಇಲ್ಲ.

ಆ ಮೈಕನ್ನು ಅಣ್ಣನ ಕೈಗೆ ಕೊಟ್ಟೆ. ಅವರು ಒಮ್ಮೆ ತೂಗಿ ನೋಡಿ ನಕ್ಕರು. "ಇದು ಡೂಪ್ಲಿಕೇಟ್." ಅಸಲಿ ಎಸ್‌ಎಂ58 ಹತ್ತಿರ ಹತ್ತಿರ 300 ಗ್ರಾಂ ತೂಗುತ್ತದೆ. ಹಿಡಿಯೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ನನ್ನದರ ಹಿಡಿಯೊಳಗೆ ಬರೇ ಗಾಳಿ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ!

ಆಮೇಲೆ ಗೋಣಿಯಿಂದ ಒಂದು ಮಾಸಿದ ಮೈಕ್ ತೆಗೆದರು. ಹೆಸರು 'ರಿಯಲಿಸ್ಟಿಕ್'. ಅಮೆರಿಕದಲ್ಲಿದ್ದ ಯಾರೋ ನೆಂಟರು ತಂದು ಭಜನಾ ಮಂದಿರಕ್ಕೆ ಕೊಟ್ಟದ್ದು, ಅಲ್ಲಿಂದ ಇವರಲ್ಲಿಗೆ ಬಂದದ್ದು. "ಹೆಸರು ನೋಡಬೇಡಿ. ಇದರ ಹೊಟ್ಟೆ ಶೂರಿನದ್ದೇ. ಒಮ್ಮೆ ಕೆಟ್ಟಾಗ ಹಳೇ ಶೂರಿನ ಕ್ಯಾಪ್ಸೂಲ್ ಹಾಕಿದೆ, ಅಳತೆ ಮಾಡಿದ ಹಾಗೆ ಕೂತಿತು."

ಇದೆಂತ ಕಥೆ ಅಂತ ಆಮೇಲೆ ಹುಡುಕುತ್ತಾ ಹೋದೆ. ಅಣ್ಣ ಹೇಳಿದ್ದು ಸರಿಯೇ. ರಿಯಲಿಸ್ಟಿಕ್ ಎಂಬುದು ಅಮೆರಿಕದ ರೇಡಿಯೋ ಶ್ಯಾಕ್ ಅಂಗಡಿಗಳ ಸ್ವಂತ ಹೆಸರು. ಮೈಕ್ ಮಾಡಿಸಿಕೊಳ್ಳುತ್ತಿದ್ದದ್ದು ಬೇರೆಯವರಿಂದ. ಕೆಲವನ್ನು ಶೂರ್ ಮಾಡಿಕೊಟ್ಟಿತು, ಚಪ್ಪಟೆಯ ಪಿಝಡ್‌ಎಂ ಮೈಕು ಕ್ರೌನ್ ಕಂಪನಿಯ ಲೈಸೆನ್ಸಿನದ್ದು, ಉಳಿದವು ಎಲ್ಲೆಲ್ಲಿಯವೋ. ಒಂದೇ ಹೆಸರಿನಡಿ ಚಿನ್ನವೂ ಉಂಟು, ಹಿತ್ತಾಳೆಯೂ ಉಂಟು.

ದೊಡ್ಡವರ ಮನೆಯಲ್ಲೂ ಇದೇ ಕಥೆ. 1949ರ ಸುಮಾರಿಗೆ ಬಂದ ಯು 47 ಅನ್ನು ಮಾಡಿದ್ದು ಬರ್ಲಿನ್ನಿನ ನಾಯ್ಮನ್. ಆದರೆ ಹೊರದೇಶಗಳಿಗೆ ಮಾರುತ್ತಿದ್ದದ್ದು ಟೆಲಿಫಂಕನ್, ಹಾಗಾಗಿ ಎಷ್ಟೋ ಮೈಕುಗಳ ಮೇಲೆ ಅವರ ಮುದ್ರೆಯೇ ಇತ್ತು. ಆಮೇಲೆ ಟೆಲಿಫಂಕನ್ ಹೆಸರಿನಲ್ಲಿ ಬಂದ ಎಲಾ ಎಂ 251 ತಯಾರಾದದ್ದು ವಿಯೆನ್ನಾದ ಎಕೆಜಿಯಲ್ಲಿ. ಮೈಕ್ ಮಾಡುವ ವಿದ್ಯೆ ಕೆಲವರಿಗೆ ಮಾತ್ರ ಗೊತ್ತಿತ್ತು, ಮಾರುವ ಜಾಲ ಬೇರೆಯವರ ಕೈಯಲ್ಲಿತ್ತು. ಅದಕ್ಕೇ ಈ ಕೊಡುಕೊಳ್ಳುವಿಕೆ.

ನಮ್ಮ ದೇಶದ್ದು ಇನ್ನೂ ಸ್ವಾರಸ್ಯ. ಗಾಂಧೀಜಿ, ನೆಹರೂ ಭಾಷಣ ಮಾಡುತ್ತಿರುವ ಹಳೇ ಫೋಟೋಗಳಲ್ಲಿ ಮೈಕಿನ ಮೇಲೆ 'ಚಿಕಾಗೋ ರೇಡಿಯೋ' ಅಂತ ಕಾಣುತ್ತದಲ್ಲ? ನಾನು ಬಹಳ ವರ್ಷ ಅದು ಅಮೆರಿಕದ ಕಂಪನಿ ಅಂತಲೇ ತಿಳಿದಿದ್ದೆ. ಅಲ್ಲ! ಅದು ಮೋಟವಾನೆ ಕುಟುಂಬದ್ದು. ಜ್ಞಾನಚಂದ್ ಮೋಟವಾನೆ 1909ರಲ್ಲಿ ಸಿಂಧ್‌ನ ಸುಕ್ಕೂರಿನಲ್ಲಿ ವ್ಯಾಪಾರ ಶುರು ಮಾಡಿದವರು. ವ್ಯಾಪಾರ ಮುಂದೆ ಬೊಂಬಾಯಿಗೆ ಬಂತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನಕ್ಕೆ ಅವರ ಮಗ ನಾನಕ್ ಮೋಟವಾನೆ ಧ್ವನಿವರ್ಧಕ ಒದಗಿಸಿದರು. ಹೊರಗೆ ಚಿಕಾಗೋ, ಒಳಗೆ ಸ್ವದೇಶಿ. ತಮಾಷೆ ಅಂದರೆ, 1925ರಲ್ಲಿ ನಿಜವಾಗಿಯೂ ಚಿಕಾಗೋದಲ್ಲಿ ಹುಟ್ಟಿದ ಕಂಪನಿ ಶೂರ್. ಅದರ ಮೈಕಿನ ಮೇಲೆ ಊರಿನ ಹೆಸರಿಗಿಂತ ಸ್ಥಾಪಕ ಸಿಡ್ನಿ ಶೂರ್ ಅವರ ಮನೆಹೆಸರೇ ಎದ್ದು ಕಾಣುವುದು.

ಆಗ ಸಣ್ಣ ಹೆಸರಿನ ಹಿಂದೆ ದೊಡ್ಡ ಕೈ ಅಡಗಿರುತ್ತಿತ್ತು. ಈಗ ದೊಡ್ಡ ಹೆಸರಿನ ಹಿಂದೆ ಕೈಯೇ ಇಲ್ಲ. ಎಸ್‌ಎಂ58 ಬಂದದ್ದು 1966ರಲ್ಲಿ, ಇವತ್ತಿಗೂ ಅದೇ ರೂಪ. ಅದಕ್ಕೇ ನಕಲು ಮಾಡುವವರಿಗೆ ಅದರ ಮೇಲೆ ಅಷ್ಟು ಪ್ರೀತಿ. ಹಾಗಾಗಿ ಅಗ್ಗದ ಹಳೇ ಮೈಕ್ ಬೇಕಾದವರು ಹೆಸರಿಲ್ಲದ್ದರಲ್ಲಿ ಹುಡುಕಿದರೆ ಲಾಭ, ಹೆಸರಿದ್ದದ್ದರಲ್ಲಿ ಹುಡುಕಿದರೆ ನನ್ನ ಗತಿ. ಬಣ್ಣದ ವೇಷದೊಳಗೆ ಯಾರೆಂದು ತಿಳಿಯಲು ಚೌಕಿಗೇ ಹೋಗಬೇಕಲ್ಲ, ಹಾಗೆ ಜಾಳಿ ಬಿಚ್ಚಿ ಒಳಗೆ ನೋಡಲೇಬೇಕು.

ಅಣ್ಣ ಇನ್ನೆರಡು ಮಾತು ಹೇಳಿದರು. ಟೇಪ್‌ರೆಕಾರ್ಡರ್ ಕಾಲದ ಹಗುರದ ಕ್ರಿಸ್ಟಲ್ ಮೈಕನ್ನು ನಮ್ಮೂರಿನಲ್ಲಿ ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬಾರದಂತೆ. ಅದರೊಳಗಿರುವುದು ರೋಷೆಲ್ ಲವಣದ ಹರಳು, ತೇವ ತಾಗಿದರೆ ಹಾಳು. ಚಾರ್ಮಾಡಿ ಬುಡದ ಮಳೆಯಲ್ಲಿ ಅದು ಎಷ್ಟು ದಿನ ಬಾಳೀತು? ಸುರುಳಿ ಇರುವ ಡೈನಾಮಿಕ್ ಮೈಕಾದರೆ ಅಟ್ಟದಲ್ಲಿ ಹೊಗೆ ತಿಂದರೂ ಹಾಡುತ್ತದೆ. ಎರಡನೆಯದು, ಹಳೇ ಮೈಕುಗಳಲ್ಲಿ ಹೈ ಇಂಪೀಡೆನ್ಸ್‌ನವು ಬಹಳ. ಅದಕ್ಕೆ ಐದಾರು ಮೀಟರಿಗಿಂತ ಉದ್ದದ ವೈರ್ ಎಳೆದರೆ ಸ್ವರದ ಚೂಪು ಹೋಗಿ ಗುಂಯ್ ಶುರುವಾಗುತ್ತದೆ.

"ಎಷ್ಟು ಕೊಡಲಿ ಅಣ್ಣ?" ಅಂದೆ. "ಮುನ್ನೂರು ಕೊಡಿ. ದೊಡ್ಡಪ್ಪನವರ ಪದಕ್ಕೆ ಅಲ್ವಾ, ವೈರ್ ಹಾಗೇ ಕೊಂಡುಹೋಗಿ."

ಅದೇ ರಾತ್ರಿ ಕರೆಂಟ್ ಬಂತು. ದೊಡ್ಡಪ್ಪ ಎರಡು ಪದ ಹೇಳಿದರು. ಏರಿನಲ್ಲಿ ಸ್ವರ ಸ್ವಲ್ಪ ಒಡೆಯಿತು, ಉಸಿರು ಕಟ್ಟಿತು. ಅದೂ ಸೇರಿ ಎಲ್ಲ ಸ್ಪಷ್ಟವಾಗಿ ಬಂದಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದ ದೊಡ್ಡಪ್ಪ, "ಹೌದು, ಇದು ನಾನೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮದ್ದಳೆ ಇದ್ದಿದ್ದರೆ..." ಅಂದು ಸುಮ್ಮನಾದರು.

ನಿಮ್ಮೂರಿನ ಮೈಕಿನವರ ಅಟ್ಟದಲ್ಲೂ ಒಂದು ಗೋಣಿ ಇದ್ದೀತು. ಗುಜರಿಯವನಿಗಿಂತ ಮೊದಲು ಒಮ್ಮೆ ಹತ್ತಿ ನೋಡಿ.