ಮಾತು ಕಲಿಸುವ ಶಾಲೆಯ ಗುಟ್ಟು

ವಿಶೇಷ ಅಗತ್ಯಗಳುಳ್ಳ ಮಗುವಿಗೆ ಶಾಲೆ ಹುಡುಕುತ್ತ ಅಲೆಯುವ ತಂದೆತಾಯಿಗಳ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಒಬ್ಬ ಉಪಾಧ್ಯಾಯರಿಗೆ ಎಷ್ಟು ಮಕ್ಕಳು? ಶುಲ್ಕ ಎಷ್ಟು? ಮಗು ಮಾತನಾಡುವುದೇ? ದೊಡ್ಡ ಶಾಲೆಯಲ್ಲಿ ಜಾಗ ಸಿಕ್ಕರೂ ಗಮನ ಸಿಗದು ಎಂಬ ಅಳುಕಿನಿಂದ ಅನೇಕರು ಸಣ್ಣ ಖಾಸಗಿ ಶಾಲೆಯತ್ತ ಮುಖ ಮಾಡುತ್ತಾರೆ. ಈ ಹುಡುಕಾಟಕ್ಕೆ ಇನ್ನೂರ ಅರವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ಆರಂಭವಾದದ್ದು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ.

ಅಲ್ಲಿಗೆ ಸಮೀಪದ ಲೀತ್ ಬಂದರಿನಲ್ಲಿ ಅಲೆಕ್ಸಾಂಡರ್ ಶೆರಿಫ್ ಎಂಬ ಶ್ರೀಮಂತ ದ್ರಾಕ್ಷಾರಸ ವ್ಯಾಪಾರಿಯಿದ್ದ. ಅವನ ಮಗ ಚಾರ್ಲ್ಸ್ ಎಳೆವಯಸ್ಸಿನಲ್ಲೇ ಕಿವುಡನಾಗಿದ್ದ. 1760ರಲ್ಲಿ ತಂದೆ ಹತ್ತು ವರ್ಷದ ಆ ಹುಡುಗನನ್ನು ಥಾಮಸ್ ಬ್ರೇಡ್‌ವುಡ್ ಎಂಬ ಉಪಾಧ್ಯಾಯನ ಬಳಿಗೆ ಕರೆದೊಯ್ದ. ಬ್ರೇಡ್‌ವುಡ್ ಅದುವರೆಗೆ ಉಳ್ಳವರ ಮಕ್ಕಳಿಗೆ ಬರವಣಿಗೆ ಹೇಳಿಕೊಡುತ್ತಿದ್ದವನು. ಈ ಹುಡುಗನಿಗೂ ಬರೆಯಲು ಕಲಿಸಿದರೆ ಸಾಕೆಂಬುದು ತಂದೆಯ ಕೋರಿಕೆ. ಉಪಾಧ್ಯಾಯ ಅಲ್ಲಿಗೇ ನಿಲ್ಲದೆ ಮಾತನ್ನೂ ಕಲಿಸತೊಡಗಿದ. ಸುದ್ದಿ ಹಬ್ಬಿತು, ಮಕ್ಕಳು ಬಂದರು, ಒಂದು ಶಾಲೆಯೇ ಎದ್ದಿತು. ‘ಮೂಗ’ ಎಂಬರ್ಥದ ಇಂಗ್ಲಿಷ್ ಪದ ಆ ಬಡಾವಣೆಗೇ ಅಂಟಿಕೊಂಡು ಇಂದಿಗೂ ‘ಡಂಬಿಡೈಕ್ಸ್’ ಎಂದು ಉಳಿದಿದೆ. ಶಾಲೆ ಸಣ್ಣದೇ. 1773ರಲ್ಲಿ ಪ್ರಸಿದ್ಧ ನಿಘಂಟುಕಾರ ಡಾ. ಸಾಮ್ಯುಯೆಲ್ ಜಾನ್ಸನ್ ಅಲ್ಲಿಗೆ ಭೇಟಿ ಕೊಟ್ಟಾಗ ಇದ್ದ ಮಕ್ಕಳು ಸುಮಾರು ಹನ್ನೆರಡು. ಅವನು ಒಬ್ಬ ಹುಡುಗಿಗೆ ಗುಣಾಕಾರದ ಲೆಕ್ಕ ಕೊಟ್ಟ. ಆಕೆ ಬೆರಳುಗಳನ್ನು ಚಕಚಕನೆ ಆಡಿಸಿ ಉತ್ತರ ಬರೆದಳು. ಆ ಬೆರಳುಗಳ ಆಟ ಅವನಿಗೆ ಬಹಳ ಚೆಂದ ಕಂಡಿತಂತೆ. ಮಾತು ಕಲಿಸುವ ಶಾಲೆಯೆಂದು ಹೆಸರಾದ ಕಡೆ ಕೈಗಳಿಗೂ ಕೆಲಸವಿತ್ತೆಂಬುದಕ್ಕೆ ಇದೊಂದು ಸುಳಿವು.

ಫಲಿತಾಂಶವೇನೂ ಸುಳ್ಳಲ್ಲ. ಮೊದಲ ಶಿಷ್ಯ ಚಾರ್ಲ್ಸ್ ಶೆರಿಫ್ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತು ಕಿರುಚಿತ್ರಗಳ ಕಲಾವಿದನಾದ. 1790ರ ದಶಕದಲ್ಲಿ ಭಾರತಕ್ಕೂ ಬಂದು ಮದರಾಸು, ಕಲ್ಕತ್ತಗಳಲ್ಲಿ ಚಿತ್ರ ಬರೆದು ಬಾಳಿದ. ಇನ್ನೊಬ್ಬ ಶಿಷ್ಯ ಜಾನ್ ಗುಡ್ರಿಕ್ ಆಕಾಶ ನೋಡುವವನಾದ. ಆಲ್ಗಾಲ್ ಎಂಬ ನಕ್ಷತ್ರದ ಬೆಳಕು ಕ್ರಮಬದ್ಧವಾಗಿ ಕುಂದಿ ಮತ್ತೆ ಬೆಳಗುವುದನ್ನು ಗುರುತಿಸಿ ಕಾರಣ ಸೂಚಿಸಿದ್ದಕ್ಕೆ 1783ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಪಡೆದಾಗ ಅವನಿಗೆ ಹತ್ತೊಂಬತ್ತು ವರ್ಷ. ಇಪ್ಪತ್ತೊಂದಕ್ಕೆ ತೀರಿಕೊಂಡ.

ಇಂಥ ಹೆಸರು ಸಮುದ್ರ ದಾಟದಿರುವುದುಂಟೆ? ಅಮೆರಿಕದ ವರ್ಜೀನಿಯದ ಥಾಮಸ್ ಬೋಲಿಂಗ್ ಎಂಬ ಜಮೀನುದಾರನ ಮಕ್ಕಳಲ್ಲಿ ಮೂವರು ಕಿವುಡರು. 1771ರಲ್ಲಿ ಅವನು ಹಿರಿಯ ಮಗ ಜಾನ್‌ನನ್ನು ಹಡಗು ಹತ್ತಿಸಿ ಎಡಿನ್‌ಬರೊಗೆ ಕಳುಹಿಸಿದ. 1775ರಲ್ಲಿ ಇನ್ನಿಬ್ಬರು, ಥಾಮಸ್ ಮತ್ತು ಮೇರಿ, ಅವನನ್ನು ಸೇರಿಕೊಂಡರು. ಅಷ್ಟರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಹೊತ್ತಿಕೊಂಡಿತು. ಮಕ್ಕಳು ಊರಿಗೆ ಮರಳಿದ್ದು 1783ರಲ್ಲಿ. ಹನ್ನೆರಡು ವರ್ಷ ಪರದೇಶದಲ್ಲಿದ್ದ ಜಾನ್ ಬಂದ ವರ್ಷವೇ ತೀರಿಕೊಂಡ. ಶಾಲೆಯ ಆಯ್ಕೆಗೆ ಒಂದು ಕುಟುಂಬ ತೆರಬಹುದಾದ ಬೆಲೆ ಶುಲ್ಕದ ರಸೀದಿಯಲ್ಲಿ ಕಾಣುವುದಿಲ್ಲ.

ಬಾಸ್ಟನ್ನಿನ ಫ್ರಾನ್ಸಿಸ್ ಗ್ರೀನ್‌ನ ಕಥೆ ಇನ್ನೂ ವಿಚಾರಕ್ಕೆ ಹಚ್ಚುವಂಥದು. ಅವನ ಮಗ ಚಾರ್ಲ್ಸ್ ಎಂಟನೆಯ ವಯಸ್ಸಿನಲ್ಲಿ, 1780ರಲ್ಲಿ, ಬ್ರೇಡ್‌ವುಡ್ ಶಾಲೆ ಸೇರಿದ. ಮರುವರ್ಷ ತಂದೆ ನೋಡಲು ಹೋದಾಗ ಒಂದು ಮಾತೂ ಆಡದಿದ್ದ ಮಗ ಬಾಯಿತೆರೆದು ಯೋಗಕ್ಷೇಮ ವಿಚಾರಿಸಿದ. ಆ ಗಳಿಗೆಯಲ್ಲಿ ಯಾವ ತಂದೆ ತಾನೆ ಬೋಧನಾ ವಿಧಾನದ ಬಗ್ಗೆ ಪ್ರಶ್ನೆ ಹಾಕಿಯಾನು? ಗ್ರೀನ್ 1783ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿ ಶಾಲೆಯನ್ನು ಕೊಂಡಾಡಿದ. ಆದರೆ ಈ ವಿದ್ಯೆ ದುಡ್ಡಿದ್ದವರಿಗಷ್ಟೇ ಏಕೆ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಮಗ ಹದಿನೈದನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ಸತ್ತ ಮೇಲೂ ಗ್ರೀನ್ ಈ ವಿಷಯ ಕೈಬಿಡಲಿಲ್ಲ. ಕೊನೆಗಾಲದಲ್ಲಿ ಬ್ರೇಡ್‌ವುಡ್ ಮನೆತನದ ಏಕಸ್ವಾಮ್ಯವನ್ನು ಟೀಕಿಸುತ್ತ, ಪ್ಯಾರಿಸಿನ ಆಬೆ ದ ಲೆಪೆ ಎಂಬ ಪಾದ್ರಿಯ ಬರಹಗಳನ್ನು ಇಂಗ್ಲಿಷಿಗೆ ತರುತ್ತ ಕುಳಿತ.

ಆ ಪಾದ್ರಿಯ ದಾರಿ ತದ್ವಿರುದ್ಧವಾದುದು. ಹೆಚ್ಚುಕಡಿಮೆ ಅದೇ 1760ರ ಸುಮಾರಿಗೆ ಅವನು ತನ್ನ ಮನೆಯಲ್ಲಿ ಕಿವುಡ ಮಕ್ಕಳಿಗೆ ಶುಲ್ಕವಿಲ್ಲದೆ ಪಾಠ ಹೇಳತೊಡಗಿದ್ದ. ಸನ್ನೆಗಳೇ ಅವನ ಬೋಧನಾ ಮಾಧ್ಯಮ. ಪಾಠ ನೋಡಲು ಯಾರು ಬೇಕಾದರೂ ಬರಬಹುದಿತ್ತು, ವಿಧಾನವನ್ನು ಅವನು ಅಚ್ಚು ಹಾಕಿಸಿ ಹಂಚಿದ. ಅವನು 1789ರಲ್ಲಿ ತೀರಿಕೊಂಡ ಎರಡು ವರ್ಷಕ್ಕೆ ಫ್ರಾನ್ಸಿನ ರಾಷ್ಟ್ರೀಯ ಸಭೆ ಶಾಲೆಯ ಹೊಣೆ ಹೊತ್ತಿತು.

ಬ್ರೇಡ್‌ವುಡ್‌ನದು ಗುಟ್ಟಿನ ವಿದ್ಯೆ. ನಮ್ಮಲ್ಲಿ ನಾಟಿ ವೈದ್ಯರು ಬೇರಿನ ಹೆಸರನ್ನು ಮನೆತನದಾಚೆ ಬಿಟ್ಟುಕೊಡದಿದ್ದಂತೆಯೇ ಇದು. ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಇಂಗ್ಲೆಂಡಿನ ಹೆನ್ರಿ ಬೇಕರ್, ಪ್ಯಾರಿಸಿನ ಪೆರೇರಾ ಮೊದಲಾದ ಹಿಂದಿನ ಬೋಧಕರೂ ಗುಟ್ಟು ಕಾಯ್ದವರೇ. ಸಾರ್ವಜನಿಕ ನೆರವು ದೊರೆತರೆ ಇತರರಿಗೂ ಕಲಿಸುವೆನೆಂದು ಬ್ರೇಡ್‌ವುಡ್ ಹೇಳಿದ್ದುಂಟು, ನೆರವು ಬರಲಿಲ್ಲ. ಹೊಟ್ಟೆಪಾಡಿನ ವಿದ್ಯೆಯನ್ನು ಪುಕ್ಕಟೆ ಬಿಟ್ಟುಕೊಡಲು ಎಲ್ಲರೂ ಪಾದ್ರಿಗಳಲ್ಲ. 1783ರಲ್ಲಿ ಶಾಲೆ ಲಂಡನ್ ಬಳಿಯ ಹ್ಯಾಕ್ನಿಗೆ ವಲಸೆ ಹೋಯಿತು. ಅಲ್ಲಿ ಓದಿದ ಒಬ್ಬ ಹುಡುಗನ ತಾಯಿ ಹತ್ತು ವರ್ಷಕ್ಕೆ ತೆತ್ತ ಹಣ 1500 ಪೌಂಡು. ತನ್ನ ಮಗನ ಸ್ಥಿತಿ ಸುಧಾರಿಸಿತು, ಬಡವರ ಮಕ್ಕಳ ಗತಿಯೇನು ಎಂದು ಆಕೆ ತನ್ನ ಪರಿಚಯದ ಜಾನ್ ಟೌನ್‌ಸೆಂಡ್ ಎಂಬ ಪಾದ್ರಿಯನ್ನು ಕೇಳಿದಳು. ಅದರ ಫಲವಾಗಿ 1792ರಲ್ಲಿ ಲಂಡನ್ನಿನ ಬರ್ಮಂಡ್ಸಿಯಲ್ಲಿ ಬಡ ಕಿವುಡ ಮಕ್ಕಳಿಗಾಗಿ ದೇಣಿಗೆಯ ಶಾಲೆ ತೆರೆಯಿತು. ಮುಖ್ಯೋಪಾಧ್ಯಾಯನಾದವನು ಬ್ರೇಡ್‌ವುಡ್‌ನ ಬಂಧು, ಅವನಲ್ಲೇ ಪಳಗಿದ ಜೋಸೆಫ್ ವಾಟ್ಸನ್. ಶಾಲೆ ಸಾರ್ವಜನಿಕವಾದರೂ ಬೀಗದ ಕೈ ಮನೆತನದ ಸೊಂಟದಲ್ಲೇ ಉಳಿಯಿತು.

ಈ ಬೀಗ ಎಷ್ಟು ದೂರದ ಪರಿಣಾಮ ಮಾಡಿತೆಂಬುದು 1815ರಲ್ಲಿ ಬೆಳಕಿಗೆ ಬಂತು. ಅಮೆರಿಕದ ಹಾರ್ಟ್‌ಫರ್ಡ್ ಊರಿನ ಶಸ್ತ್ರವೈದ್ಯ ಕಾಗ್ಸ್‌ವೆಲ್‌ನ ಮಗಳು ಆಲಿಸ್ ಎರಡನೆಯ ವಯಸ್ಸಿನಲ್ಲಿ ಜ್ವರದಿಂದ ಕಿವಿ ಕಳೆದುಕೊಂಡಿದ್ದಳು. ಬೋಲಿಂಗನಂತೆ ಮಗಳನ್ನು ಕಡಲಾಚೆ ಕಳುಹಿಸಲು ಆತ ಒಪ್ಪಲಿಲ್ಲ. ಗೆಳೆಯರಿಂದ ಚಂದಾ ಎತ್ತಿ, ವಿದ್ಯೆ ಕಲಿತು ಬಾ ಎಂದು ನೆರೆಮನೆಯ ತರುಣ ಥಾಮಸ್ ಗ್ಯಾಲಡೆಟ್‌ನನ್ನು ಯುರೋಪಿಗೆ ಕಳುಹಿಸಿದ. ಲಂಡನ್ನಿನಲ್ಲಿ ವಾಟ್ಸನ್, ಮೂರು ವರ್ಷ ತನ್ನ ಶಾಲೆಯಲ್ಲಿ ಸಹಾಯಕನಾಗಿ ದುಡಿದರೆ ಕಲಿಸುವೆನೆಂದ. ಗ್ಯಾಲಡೆಟ್ ಎಡಿನ್‌ಬರೊಗೆ ಹೋದ. ಅಲ್ಲಿಯ ಹೊಸ ಶಾಲೆಯ ಉಪಾಧ್ಯಾಯ ಕಿನ್ನಿಬರೊಗೆ ಕಲಿಸುವ ಮನಸ್ಸಿತ್ತು. ಆದರೆ ಏಳು ವರ್ಷ ಈ ವಿದ್ಯೆಯನ್ನು ಯಾರಿಗೂ ಹೇಳಿಕೊಡಕೂಡದೆಂದು ಬ್ರೇಡ್‌ವುಡ್ ಮನೆಯವರು ಅವನಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. ಅದನ್ನು ಸಡಿಲಿಸಲು ಮನೆತನ ಒಪ್ಪಲಿಲ್ಲ.

ಅದೇ ವರ್ಷ ವರ್ಜೀನಿಯದಲ್ಲಿ ಇನ್ನೊಂದು ಪ್ರಸಂಗ ನಡೆದಿತ್ತು. ಬೋಲಿಂಗ್ ಮಕ್ಕಳ ಕಿವಿ ಕೇಳುವ ತಮ್ಮ ವಿಲಿಯಂಗೆ ಕಿವುಡ ಮಕ್ಕಳು ಹುಟ್ಟಿದ್ದರು. ಒಡಹುಟ್ಟಿದವರ ವಿದ್ಯೆ ಕಂಡಿದ್ದ ಆತ, ಬ್ರೇಡ್‌ವುಡ್‌ನ ಮೊಮ್ಮಗನೊಬ್ಬ ಅಮೆರಿಕಕ್ಕೆ ಬಂದಾಗ ಮನೆತನದ ಹೆಸರು ನಂಬಿ ತನ್ನ ಎಸ್ಟೇಟಿನಲ್ಲೇ ಶಾಲೆ ತೆರೆಸಿದ. ಮೊಮ್ಮಗ ಕುಡುಕ, ಸಾಲಗಾರ. 1816ರಲ್ಲಿ ಶಾಲೆ ಮುಚ್ಚಿತು.

ಗ್ಯಾಲಡೆಟ್ ಅಷ್ಟರಲ್ಲಿ ಪ್ಯಾರಿಸ್ ಸೇರಿದ್ದ. ಲೆಪೆಯ ಉತ್ತರಾಧಿಕಾರಿ ಸಿಕಾರ್ ಅಲ್ಲಿ ಅವನನ್ನು ಬರಮಾಡಿಕೊಂಡು, ಬಾಗಿಲು ತೆರೆದಿಟ್ಟು ಪಾಠ ತೋರಿಸಿದ. ಅಲ್ಲಿಯ ಕಿವುಡ ಉಪಾಧ್ಯಾಯ ಲೋರಾಂ ಕ್ಲೇರ್‌ನನ್ನು ಜೊತೆಗೆ ಕರೆದುಕೊಂಡೇ ಗ್ಯಾಲಡೆಟ್ ಹಡಗು ಹತ್ತಿದ. ದಾರಿಯಲ್ಲಿ ಕ್ಲೇರ್ ಅವನಿಗೆ ಸನ್ನೆ ಕಲಿಸಿದ, ಅವನು ಕ್ಲೇರ್‌ಗೆ ಇಂಗ್ಲಿಷ್ ಕಲಿಸಿದ. 1817ರ ಏಪ್ರಿಲ್ 15ರಂದು ಹಾರ್ಟ್‌ಫರ್ಡ್‌ನಲ್ಲಿ ಶಾಲೆ ತೆರೆಯಿತು. ಆಲಿಸ್ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳು. (ಮೈಸೂರು ಇಂಥ ಶಾಲೆ ಕಾಣಲು 1901ರವರೆಗೆ ಕಾಯಬೇಕಾಯಿತು.)

ಮುಚ್ಚಿದ ಆ ಬಾಗಿಲಿನ ಗುರುತು ಇಂದಿಗೂ ಕೈಗಳಲ್ಲಿ ಕಾಣುತ್ತದೆ. ಬ್ರಿಟನ್, ಅಮೆರಿಕ ಎರಡೂ ಕಡೆ ಪತ್ರಿಕೆ ಓದುವುದು ಇಂಗ್ಲಿಷಿನಲ್ಲೇ. ಆದರೆ ಅಮೆರಿಕದ ಸನ್ನೆ ಭಾಷೆ ಫ್ರೆಂಚ್ ಸನ್ನೆಗಳ ಸಂಬಂಧಿ. ಲಂಡನ್ನಿನ ಕಿವುಡರಿಗೆ ಅದು ಅರ್ಥವಾಗದ ಪರಭಾಷೆ. ಇಂಗ್ಲಿಷ್ ಅಕ್ಷರಗಳನ್ನು ಅಮೆರಿಕದವರು ಪ್ಯಾರಿಸಿನ ಪದ್ಧತಿಯಂತೆ ಒಂದೇ ಕೈಯಲ್ಲಿ ತೋರಿಸುತ್ತಾರೆ. ಬ್ರಿಟನ್ನಿನವರಿಗೆ ಎರಡೂ ಕೈ ಬೇಕು, ಭಾರತದಲ್ಲಿಯೂ ಹಾಗೆಯೇ.