ಗ್ರಹಣದ ದಿನ ಹುಟ್ಟಿದ ಕುದುರೆ

ಕುದುರೆಯ ಯೋಗ್ಯತೆಯನ್ನು ಅದರ ಮೈಮೇಲಣ ಗುರುತುಗಳಿಂದ ಮುಂಚಿತವಾಗಿಯೇ ಅರಿಯಬಹುದೆಂಬ ನಂಬಿಕೆ ಬಲು ಹಳೆಯದು. ಭರತಖಂಡದಲ್ಲಿ ಶಾಲಿಹೋತ್ರನ ಹೆಸರಿನಿಂದ ನಡೆದುಬಂದ ಅಶ್ವಶಾಸ್ತ್ರವು ಬಣ್ಣ, ಸುಳಿ, ಸ್ವರ, ಗತಿ ಇವುಗಳನ್ನು ವಿಂಗಡಿಸಿ ಶುಭಾಶುಭಗಳನ್ನು ಹೇಳುತ್ತದೆ. ಮುಖವೂ ನಾಲ್ಕು ಕಾಲುಗಳೂ ಬೆಳ್ಳಗಿರುವ ಕುದುರೆ ಪಂಚಕಲ್ಯಾಣಿಯೆನಿಸಿ ಅರಸರ ಲಾಯಕ್ಕೆ ಸಲ್ಲುತ್ತಿದ್ದಿತು. ಇಂಗ್ಲೆಂಡಿನ ಶ್ರೀಮಂತರು ಸುಳಿಗಳನ್ನು ನೋಡುತ್ತಿರಲಿಲ್ಲ, ವಂಶಾವಳಿಯನ್ನು ನೋಡುತ್ತಿದ್ದರು. ತಂದೆ ಯಾರು, ತಾಯಿ ಯಾರು, ಅವರು ಗೆದ್ದ ಪಣಗಳೆಷ್ಟು ಎಂಬುದೇ ಅವರ ಲಕ್ಷಣಶಾಸ್ತ್ರ. ಈ ಎರಡು ಪರೀಕ್ಷೆಗಳಲ್ಲಿ ಯಾವುದರಲ್ಲಿಯೂ ಮೊದಲನೆಯ ಸ್ಥಾನಕ್ಕೆ ಸಲ್ಲದಿದ್ದ ಒಂದು ಕುದುರೆಯೇ ಜಗತ್ತಿನ ಪಂದ್ಯದ ಕುದುರೆಗಳಿಗೆಲ್ಲ ಮೂಲಪುರುಷನಂತಾದುದು ಇತಿಹಾಸದ ವಿನೋದಗಳಲ್ಲಿ ಒಂದು. ಅದರ ಹೆಸರು ಎಕ್ಲಿಪ್ಸ್, ಎಂದರೆ ಗ್ರಹಣ.

1764ನೆಯ ಇಸವಿ ಏಪ್ರಿಲ್ 1ರಂದು ಇಂಗ್ಲೆಂಡಿನಲ್ಲಿ ಸೂರ್ಯನಿಗೆ ಕಂಕಣಗ್ರಹಣವು ಹಿಡಿದಿದ್ದಿತು. ಅಂದು ಕಂಬರ್‌ಲೆಂಡಿನ ಡ್ಯೂಕನ ಅಶ್ವಶಾಲೆಯಲ್ಲಿ ಒಂದು ಕೆಂಗಂದು ಬಣ್ಣದ ಮರಿ ಹುಟ್ಟಿತು. ಹಣೆಯಿಂದ ಮೂಗಿನವರೆಗೆ ಬಿಳಿಯ ಪಟ್ಟೆ. ಬಲಗಡೆಯ ಹಿಂಗಾಲು ಮಾತ್ರ ಬಿಳುಪು. ಗ್ರಹಣಕಾಲದ ಜನನವನ್ನು ಹಿಂದೂಗಳು ದೋಷವೆಂದೆಣಿಸಿ ಶಾಂತಿ ಮಾಡಿಸುವರು. ಅಲ್ಲಿ ಆ ಗ್ರಹಣದ ಹೆಸರನ್ನೇ ಮರಿಗೆ ಇಟ್ಟರು. ಡ್ಯೂಕನಾದರೋ ಎರಡನೆಯ ಜಾರ್ಜ್ ದೊರೆಯ ಮಗ. 1746ರ ಕಲೋಡನ್ ಕಾಳಗದಲ್ಲಿ ಗೆದ್ದ ಸೇನಾಪತಿ. ಮರಿ ಓಡುವುದನ್ನು ನೋಡುವ ಭಾಗ್ಯವು ಅವನಿಗಿರಲಿಲ್ಲ. 1765ರ ಅಕ್ಟೋಬರಿನಲ್ಲಿ ಅವನು ಮೃತನಾದನು. ಅವನ ಕುದುರೆಗಳೆಲ್ಲ ಹರಾಜಾದುವು.

ಮರಿಯ ತಂದೆಯಾದ ಮಾರ್ಸ್ಕನನ್ನು ಯಾರೂ ದೊಡ್ಡ ಕುದುರೆಯೆಂದು ಎಣಿಸಿರಲಿಲ್ಲ. ಅದು ಅಲ್ಪಬೆಲೆಗೆ ಹೋಗಿ, ಹಳ್ಳಿಗಾಡಿನ ಹೆಣ್ಣುಕುದುರೆಗಳಿಗೆ ಅರ್ಧ ಗಿನಿಯ ಕೂಲಿಗೆ ಬೀಜದ ಕುದುರೆಯಾಗಿ ನಿಂತಿತೆಂದು ಹೇಳುವರು. ತಾಯಿಯಾದ ಸ್ಪಿಲೆಟ್ಟಾ ಪಂದ್ಯದಲ್ಲಿ ಹೆಸರು ಪಡೆದುದಲ್ಲ. ಮರಿಯನ್ನು ಕೊಂಡವನು ಲಂಡನ್ನಿನ ಸ್ಮಿತ್‌ಫೀಲ್ಡ್ ಸಂತೆಯಲ್ಲಿ ಮಾಂಸದ ದನಕುರಿಗಳ ವ್ಯಾಪಾರ ಮಾಡುತ್ತಿದ್ದ ವಿಲಿಯಂ ವೈಲ್ಡ್‌ಮನ್ ಎಂಬುವನು. ಕೊಟ್ಟ ಬೆಲೆ ಸುಮಾರು 75 ಗಿನಿಗಳೆಂದು ಪ್ರತೀತಿ.

ಕುದುರೆಯು ಬೆಳೆದಂತೆಲ್ಲ ಅದರ ಸಿಡುಕೂ ಬೆಳೆಯಿತು. ಇದನ್ನು ಹಿಡಿತಕ್ಕೆ ತರುವುದು ಅಸಾಧ್ಯವೆಂದು ಬೀಜ ಒಡೆಯಿಸಿಬಿಡಲು ಆಲೋಚಿಸಿದ್ದುದೂ ಉಂಟೆಂದು ಹೇಳುವರು. ಹಾಗೆ ಮಾಡಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯುತ್ತಿದ್ದಿತು. ಒರಟು ಕುದುರೆಗಳನ್ನು ಪಳಗಿಸುವ ಒಬ್ಬ ಸವಾರನು ಅದನ್ನು ಹಗಲೂ ಇರುಳೂ ದುಡಿಸಿ ಪಂದ್ಯಕ್ಕೆ ಸಿದ್ಧಗೊಳಿಸಿದನು. ಅದಕ್ಕೆ ಐದು ವರ್ಷ ತುಂಬುವವರೆಗೆ ವೈಲ್ಡ್‌ಮನ್ ಕಣಕ್ಕೆ ಇಳಿಸಲಿಲ್ಲ. ಪಂದ್ಯಕ್ಕೆ ಮುನ್ನ ಗುಟ್ಟಾಗಿ ಓಡಿಸಿ ನೋಡಿದ ದಿನ, ಜೂಜುಗಾರರ ಬೇಹಿನವರು ಹೊತ್ತು ಮೀರಿ ಬಂದು ದಾರಿಯಲ್ಲಿದ್ದ ಒಬ್ಬ ಮುದುಕಿಯನ್ನು ವಿಚಾರಿಸಿದರಂತೆ. ಪಂದ್ಯವೋ ಮತ್ತೇನೋ ತನಗೆ ತಿಳಿಯದೆಂದೂ, ಬಿಳಿಯ ಕಾಲಿನ ಕುದುರೆಯೊಂದು ಮುಂದೆ ಹಾರಿಹೋಯಿತೆಂದೂ, ಹಿಂದೆ ಬರುತ್ತಿದ್ದುದು ಲೋಕದ ಕೊನೆಯವರೆಗೆ ಓಡಿದರೂ ಅದನ್ನು ಮುಟ್ಟಲಾರದೆಂದೂ ಅವಳು ಹೇಳಿದಳೆಂದು ಐತಿಹ್ಯ.

1769ನೆಯ ಇಸವಿ ಮೇ 3ರಂದು ಎಪ್ಸಮ್ ಬಯಲಿನಲ್ಲಿ ಎಕ್ಲಿಪ್ಸಿನ ಮೊದಲನೆಯ ಪಂದ್ಯವು ನಡೆಯಿತು. ಅಂದಿನ ಪಂದ್ಯಗಳು ಇಂದಿನಂತೆ ಒಂದೆರಡು ನಿಮಿಷಗಳ ಆಟವಲ್ಲ. ಒಂದೊಂದು ಸರದಿಗೆ ನಾಲ್ಕು ಮೈಲಿಗಳ ಓಟ. ಸ್ವಲ್ಪ ಬಿಡುವಿನ ತರುವಾಯ ಅದೇ ಕುದುರೆಗಳು ಮತ್ತೆ ಓಡಬೇಕು. ಒಂದೇ ಕುದುರೆ ಎರಡು ಸರದಿಗಳನ್ನು ಗೆದ್ದರೆ ಪಣವು ಅದರದು. ಐದು ಕುದುರೆಗಳಲ್ಲಿ ಎಕ್ಲಿಪ್ಸ್ ಮೊದಲನೆಯ ಸರದಿಯನ್ನು ಲೀಲೆಯಿಂದ ಗೆದ್ದಿತು. ಆಗ ಡೆನಿಸ್ ಓಕೆಲಿ ಎಂಬ ಐರಿಷ್ ಜೂಜುಗಾರನು, ಮುಂದಣ ಸರದಿಯಲ್ಲಿ ಎಲ್ಲ ಕುದುರೆಗಳೂ ಬರುವ ಕ್ರಮವನ್ನು ತಾನು ಹೇಳಬಲ್ಲೆನೆಂದು ಪಂಥ ಕಟ್ಟಿದನು. ಹೇಳೆಂದಾಗ, ಎಕ್ಲಿಪ್ಸ್ ಮೊದಲನೆಯದು, ಮಿಕ್ಕವು ಎಲ್ಲಿಯೂ ಇಲ್ಲ, ಎಂದನು. ಇದು ಬರಿಯ ಜಂಬದ ಮಾತಲ್ಲ. ಗೆದ್ದ ಕುದುರೆಗಿಂತ 240 ಗಜಗಳಷ್ಟು ಹಿಂದುಳಿದ ಕುದುರೆಗೆ ಅಂದಿನ ನಿಯಮದಂತೆ ಲೆಕ್ಕದಲ್ಲಿ ಸ್ಥಾನವೇ ಇರಲಿಲ್ಲ. ಎರಡನೆಯ ಸರದಿಯಲ್ಲಿ ಮಿಕ್ಕ ನಾಲ್ಕೂ ಆ ಗಡಿಯ ಆಚೆಯೇ ಉಳಿದುವು. ಓಕೆಲಿ ಪಂಥವನ್ನು ಗೆದ್ದನು; ಆ ಮಾತು ಇಂಗ್ಲಿಷಿನಲ್ಲಿ ಗಾದೆಯಾಗಿ ಉಳಿಯಿತು.

ಈ ಓಕೆಲಿಯ ಚರಿತ್ರೆಯೂ ಕುದುರೆಯ ಚರಿತ್ರೆಗೆ ತಕ್ಕುದೇ. ಬಡವನಾಗಿ ಲಂಡನ್ನಿಗೆ ಬಂದು, ಶ್ರೀಮಂತರ ಮೇನೆಯನ್ನು ಹೊತ್ತು, ಸಾಲಕ್ಕಾಗಿ ಸೆರೆಮನೆಯನ್ನೂ ಕಂಡು, ಜೂಜಿನಿಂದ ಹಣವಂತನಾದವನು ಅವನು. ಕುದುರೆಯ ಅರ್ಧಪಾಲನ್ನು 650 ಗಿನಿಗಳಿಗೂ, ಮತ್ತೆ ಉಳಿದ ಅರ್ಧವನ್ನು 1,100 ಗಿನಿಗಳಿಗೂ ವೈಲ್ಡ್‌ಮನ್ನನಿಂದ ಕೊಂಡನೆಂದು ಹೇಳುವರು. 1770ರ ಏಪ್ರಿಲಿನಲ್ಲಿ ನ್ಯೂಮಾರ್ಕೆಟ್ಟಿನಲ್ಲಿ ಬ್ಯುಸೆಫಲಸ್ ಎಂಬ ಹೆಸರುವಾಸಿಯಾದ ಕುದುರೆಯನ್ನು ಎಕ್ಲಿಪ್ಸ್ ಸೋಲಿಸಿತು. ಅನಂತರ ಅದಕ್ಕೆ ಎದುರಾಗಿ ಕುದುರೆಗಳನ್ನು ನಿಲ್ಲಿಸಲು ಜನರು ಹಿಂಜರಿದರು. ಅನೇಕ ಪಂದ್ಯಗಳಲ್ಲಿ ಪ್ರತಿಸ್ಪರ್ಧಿಯೇ ಇಲ್ಲದೆ ಅದು ಒಂಟಿಯಾಗಿ ನಡೆದು ಪಣವನ್ನು ತಂದಿತು. ಅದೇ ವರ್ಷದ ಅಕ್ಟೋಬರಿನ ಹೊತ್ತಿಗೆ 18 ಪಂದ್ಯಗಳಲ್ಲಿ 18 ಗೆಲವು. ಅವುಗಳಲ್ಲಿ 11 ದೊರೆಯ ಹೆಸರಿನ ಪಣಗಳು. ಸವಾರನು ಒಮ್ಮೆಯಾದರೂ ಚಾಬೂಕನ್ನಾಗಲಿ ಹಿಮ್ಮಡಿಯ ಮುಳ್ಳನ್ನಾಗಲಿ ಪ್ರಯೋಗಿಸಲಿಲ್ಲವೆಂದು ಪ್ರಸಿದ್ಧಿ. ಎದುರಾಳಿಗಳಿಲ್ಲದುದರಿಂದ ಓಟವನ್ನು ನಿಲ್ಲಿಸಬೇಕಾಯಿತು. ಹೀಗೆ, ಯಾವ ಕೀರ್ತಿಗಾಗಿ ಎಕ್ಲಿಪ್ಸ್ ಪ್ರಸಿದ್ಧವೋ ಅದನ್ನು ಗಳಿಸಿದ ಕಾಲವು ಕೇವಲ 17 ತಿಂಗಳು. ಆದರೂ ಒಡೆಯನ ಹುಟ್ಟು ವೃತ್ತಿಗಳನ್ನು ನೆನೆದು, ಅಶ್ವಪಂದ್ಯದ ಶ್ರೀಮಂತರ ಸಂಘವಾದ ಜಾಕಿ ಕ್ಲಬ್ ಓಕೆಲಿಯನ್ನು ಕಡೆಯವರೆಗೂ ಒಳಗೆ ಸೇರಿಸಿಕೊಳ್ಳಲಿಲ್ಲ.

ಎರಡನೆಯ ಬಾಳು 18 ವರ್ಷಗಳದು. ಎಪ್ಸಮ್ಮಿನ ಸಮೀಪದ ಕ್ಲೇ ಹಿಲ್‌ನಲ್ಲಿ ಎಕ್ಲಿಪ್ಸ್ ಬೀಜದ ಕುದುರೆಯಾಗಿ ನಿಂತಿತು. ಮಗನ ಕೀರ್ತಿಯಿಂದ ತಂದೆಯ ಭಾಗ್ಯವೂ ತೆರೆಯಿತು: ವೈಲ್ಡ್‌ಮನ್ 20 ಗಿನಿಗಳಿಗೆ ಕೊಂಡಿದ್ದ ಮಾರ್ಸ್ಕನನ್ನು ಅಬಿಂಗ್‌ಡನ್ ಪ್ರಭುವು 1,000 ಗಿನಿಗಳನ್ನು ತೆತ್ತು ಪಡೆದನೆಂದೂ, ಅರ್ಧ ಗಿನಿಯ ಕೂಲಿಯು ನೂರು ಗಿನಿಗಳಿಗೇರಿತೆಂದೂ ಹೇಳುವರು. 1780ರಲ್ಲಿ ಎಪ್ಸಮ್ಮಿನಲ್ಲಿ ಡರ್ಬಿ ಪಂದ್ಯವು ಪ್ರಾರಂಭವಾಯಿತು. 1781, 1783, 1784ನೆಯ ಇಸವಿಗಳ ಡರ್ಬಿಗಳನ್ನು ಗೆದ್ದ ಯಂಗ್ ಎಕ್ಲಿಪ್ಸ್, ಸಾಲ್ಟ್ರಂ, ಸಾರ್ಜೆಂಟ್ ಮೂರೂ ಎಕ್ಲಿಪ್ಸಿನ ಮಕ್ಕಳು. ಇನ್ನೊಬ್ಬ ಮಗನ ಹೆಸರು ವಿಚಿತ್ರವಾದುದು. ಅದಕ್ಕೆ ‘ಪೊಟೇಟೋಸ್’ ಎಂದು ಹೆಸರಿಟ್ಟು ಬರೆಯಹೇಳಿದಾಗ, ಲಾಯದ ಹುಡುಗನು ‘ಪಾಟ್’ ಎಂದು ಬರೆದು ಮುಂದೆ ಎಂಟು ‘ಓ’ಗಳನ್ನು ಸಾಲಾಗಿ ಇಟ್ಟನಂತೆ, ಒಡೆಯನು ನಕ್ಕು ಅದನ್ನೇ ಉಳಿಸಿದನು.

ಆದರೆ ಬದುಕಿದ್ದಷ್ಟು ಕಾಲ ಎಕ್ಲಿಪ್ಸ್ ಬೀಜದ ಕುದುರೆಗಳ ವಾರ್ಷಿಕ ಗಣನೆಯಲ್ಲಿ ಒಮ್ಮೆಯೂ ಮೊದಲನೆಯದಾಗಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಆ ಪಟ್ಟವು ಹೆರಡ್ ಎಂಬ ಕುದುರೆಗೂ, ಅದರ ಮಗನಾದ ಹೈಫ್ಲೈಯರ್‌ಗೂ ಹೋಗುತ್ತಿದ್ದಿತು. ಓಟದಲ್ಲಿ ಎರಡನೆಯ ಸ್ಥಾನವನ್ನೇ ಅರಿಯದ ಕುದುರೆಯು ಸಂತಾನದ ಲೆಕ್ಕದಲ್ಲಿ ಮತ್ತೆ ಮತ್ತೆ ಎರಡನೆಯದಾಯಿತು. ಕಾಲವು ಆ ತೀರ್ಪನ್ನು ತಿರುಗಿಸಿತು. ಥರೋಬ್ರೆಡ್ ಎಂಬ ಈ ಜಾತಿಯ ಇಂದಿನ ಗಂಡುಕುದುರೆಗಳೆಲ್ಲವೂ ಮೂರು ಗೋತ್ರಪುರುಷರಿಗೆ ಸೇರಿದವು: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗಾಡಾಲ್ಫಿನ್ ಅರೇಬಿಯನ್. ಇವುಗಳಲ್ಲಿ ಎರಡನೆಯದನ್ನು ಥಾಮಸ್ ಡಾರ್ಲಿ ಎಂಬುವನು ಸಿರಿಯಾದ ಅಲೆಪ್ಪೊ ಪಟ್ಟಣದಲ್ಲಿ ಸಂಪಾದಿಸಿ 1704ರಲ್ಲಿ ಯಾರ್ಕ್‌ಷೈರಿಗೆ ಕಳುಹಿಸಿದ್ದನು. ಎಕ್ಲಿಪ್ಸ್ ಅದರ ಮರಿಮಗನ ಮಗ. ಇಂದು ಹತ್ತರಲ್ಲಿ ಒಂಬತ್ತಕ್ಕಿಂತಲೂ ಹೆಚ್ಚು ಗಂಡುಕುದುರೆಗಳು, ಶೇಕಡಾ 95ರ ಸುಮಾರು, ತಂದೆಯ ಸಾಲಿನಲ್ಲಿ ಎಕ್ಲಿಪ್ಸಿನ ಮೂಲಕವೇ ಡಾರ್ಲಿ ಅರೇಬಿಯನ್ನನ್ನು ಮುಟ್ಟುತ್ತವೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಗೋತ್ರವು ತಂದೆಯಿಂದ ತಂದೆಗೆ ನಡೆಯುವ ಒಂದೇ ಎಳೆ. ರಕ್ತವಾದರೋ ಎಲ್ಲ ಪೂರ್ವಜರಿಂದಲೂ ಬರುವುದು. ಎಲ್ಲ ಪೂರ್ವಜರನ್ನೂ ಎಣಿಸಿದ ವಿದ್ವಾಂಸರು, ಇಂದಿನ ಕುದುರೆಗಳಲ್ಲಿ ಡಾರ್ಲಿಯ ಪಾಲಿಗಿಂತ ಗಾಡಾಲ್ಫಿನ್ನಿನ ಪಾಲೇ ಹೆಚ್ಚೆಂದು ಕಂಡಿದ್ದಾರೆ. ಸ್ವತಃ ಎಕ್ಲಿಪ್ಸಿನ ತಾಯಿಯ ತಂದೆಯಾದ ರೆಗ್ಯುಲಸ್ ಗಾಡಾಲ್ಫಿನ್ನಿನ ಮಗನೇ. ಎಂಟು ‘ಓ’ಗಳ ಕುದುರೆಗೆ ಹುಟ್ಟಿ 1793ರ ಡರ್ಬಿಯನ್ನು ಗೆದ್ದು, ಎಕ್ಲಿಪ್ಸಿನ ವಂಶವನ್ನು ಮುಂದಕ್ಕೆ ಸಾಗಿಸಿದ ವ್ಯಾಕ್ಸಿಯ ತಾಯಿ, ಹಳೆಯ ಪ್ರತಿಸ್ಪರ್ಧಿಯಾದ ಹೆರಡಿನ ಮಗಳು. ಸೋತ ಮನೆಯ ಹೆಣ್ಣುಮಕ್ಕಳಿಂದ ಗೆದ್ದ ಮನೆಯ ಹೆಸರು ಉಳಿಯಿತು. ವಂಶಾವಳಿಯ ಹೆಮ್ಮೆಯು ಇದನ್ನು ಮರೆಯುವುದು ಸುಲಭ.

ಓಕೆಲಿ 1787ರಲ್ಲಿ ತೀರಿಕೊಂಡನು. ಮುದಿಯಾದ ಎಕ್ಲಿಪ್ಸನ್ನು ಗಾಲಿಯ ಬಂಡಿಯಲ್ಲಿ ನಿಲ್ಲಿಸಿ ಕ್ಯಾನನ್ಸ್ ಎಂಬ ಎಸ್ಟೇಟಿಗೆ ಕರೆತಂದರು. 1789ರ ಫೆಬ್ರವರಿಯಲ್ಲಿ ಉದರಶೂಲೆಯಿಂದ ಅದು ಸತ್ತಿತು. ಅಂದಿನ ಇಂಗ್ಲೆಂಡಿನಲ್ಲಿ ಕುದುರೆಯ ವೈದ್ಯವೆಂದರೆ ಲಾಳ ಕಟ್ಟುವವರ ಕೈವಾಡ. ರಕ್ತ ತೆಗೆಯುವುದು, ಬರೆ ಹಾಕುವುದು, ಭೇದಿ ಮಾಡಿಸುವುದು. ಸಾವಿರಾರು ಗಿನಿಗಳ ಕುದುರೆಗೂ ಅದಕ್ಕಿಂತ ಹೆಚ್ಚಿನ ಚಿಕಿತ್ಸೆಯು ದೇಶದಲ್ಲಿರಲಿಲ್ಲ. ಫ್ರಾನ್ಸಿನ ಲಿಯಾನ್ ನಗರದಲ್ಲಾದರೋ 1760ರ ದಶಕದ ಮೊದಲಲ್ಲೇ ಪಶುವೈದ್ಯಶಾಲೆಯು ಸ್ಥಾಪಿತವಾಗಿದ್ದಿತು. ಅಲ್ಲಿ ಕಲಿತು ಇಂಗ್ಲೆಂಡಿಗೆ ಬಂದು, ಅಂಥದೊಂದು ಶಾಲೆಯನ್ನು ಕಟ್ಟಬೇಕೆಂದು ಬಾಗಿಲು ಬಾಗಿಲಿಗೂ ಅಲೆಯುತ್ತಿದ್ದ ಶಾರ್ಲ್ ವಿಯಾಲ್ ದ ಸೇನ್‌ಬೆಲ್ ಎಂಬ ಫ್ರೆಂಚ್ ವೈದ್ಯನಿಗೆ ಈ ಮೃತದೇಹವನ್ನು ಶೋಧಿಸುವ ಅವಕಾಶವು ದೊರೆಯಿತು. ಅವನು ಹೃದಯವನ್ನು ತೂಗಿದನು, 14 ಪೌಂಡುಗಳಿದ್ದಿತು. ಎಲುಬುಗಳನ್ನು ಒಂದೊಂದಾಗಿ ಅಳೆದನು. ಒಂದು ನೆಗೆತಕ್ಕೆ 25 ಅಡಿ, ಒಂದು ಸೆಕೆಂಡಿಗೆ ಎರಡೂ ಮೂರನೆಯ ಒಂದು ನೆಗೆತದಂತೆ, ನಾಲ್ಕು ಮೈಲಿಗಳನ್ನು 6 ನಿಮಿಷ 2 ಸೆಕೆಂಡುಗಳಲ್ಲಿ ಓಡಬಲ್ಲದೆಂದು ಗಣಿಸಿದನು. ಆ ಲೆಕ್ಕವು ಎಷ್ಟು ಸರಿಯೆಂಬುದು ಬೇರೆಯ ಮಾತು. ಜೂಜಿನ ಪಣವಾಗಿದ್ದ ಪ್ರಾಣಿಯು ಜ್ಞಾನದ ವಿಷಯವಾಯಿತೆಂಬುದೇ ಮುಖ್ಯ.

ಈ ಶೋಧನೆಯಿಂದ ಸೇನ್‌ಬೆಲ್ಲನ ಹೆಸರು ಶ್ರೀಮಂತರ ಕಿವಿಗೆ ಬಿದ್ದಿತು. ಒಡಿಹಮ್ ಗ್ರಾಮದ ಕೃಷಿಸಂಘದವರು ಮೊದಲೇ ಪಶುವೈದ್ಯದ ವಿಷಯದಲ್ಲಿ ಆಸಕ್ತಿ ತಾಳಿದ್ದರು. ಎಲ್ಲ ಕೂಡಿ 1791ರಲ್ಲಿ ಲಂಡನ್ನಿನಲ್ಲಿ ಪಶುವೈದ್ಯ ಕಾಲೇಜು ಸ್ಥಾಪಿತವಾಯಿತು. ಸೇನ್‌ಬೆಲ್ ಅದರ ಮೊದಲನೆಯ ಅಧ್ಯಾಪಕನಾದನು. ಎರಡು ವರ್ಷಗಳಲ್ಲಿಯೇ ಅವನು ತೀರಿಕೊಂಡರೂ ವಿದ್ಯಾಶಾಲೆಯು ಉಳಿಯಿತು. ಥರೋಬ್ರೆಡ್ ಕುದುರೆಗಳ ವಂಶಾವಳಿಯ ಗ್ರಂಥವಾದ ಜನರಲ್ ಸ್ಟಡ್ ಬುಕ್ಕಿನ ಪೀಠಿಕಾಭಾಗವು ಅಚ್ಚಾದುದೂ ಅದೇ 1791ರಲ್ಲಿಯೇ. ಕುದುರೆಯ ಕುಲವನ್ನು ಬರೆದಿಡುವ ಪುಸ್ತಕವೂ, ಕುದುರೆಯ ನೋವನ್ನು ಅರಿಯುವ ಶಾಲೆಯೂ ಒಂದೇ ವರ್ಷದಲ್ಲಿ ಮೊದಲಾದುವು.

ಎಕ್ಲಿಪ್ಸಿನ ಮೂರನೆಯ ಬಾಳು ಅದರ ಎಲುಬುಗಳದು. ಒಂದು ಗೊರಸಿಗೆ ಚಿನ್ನದ ಕಟ್ಟು ಹಾಕಿಸಿ ನಾಲ್ಕನೆಯ ವಿಲಿಯಂ ದೊರೆಯು 1832ರಲ್ಲಿ ಜಾಕಿ ಕ್ಲಬ್ಬಿಗೆ ಕಾಣಿಕೆ ಕೊಟ್ಟನು. ಒಡೆಯನಿಗೆ ಮುಚ್ಚಿದ್ದ ಬಾಗಿಲು ಕುದುರೆಯ ಗೊರಸಿಗೆ ತೆರೆಯಿತು. ಅಸ್ಥಿಪಂಜರವು ಕೈಯಿಂದ ಕೈಗೆ ದಾಟಿ, ಕಡೆಗೆ ಸೇನ್‌ಬೆಲ್ ಪಾಠ ಹೇಳಿದ ಆ ಕಾಲೇಜಿಗೇ, ಇಂದಿನ ರಾಯಲ್ ವೆಟರಿನರಿ ಕಾಲೇಜಿನ ಹಾಕ್ಸ್‌ಹೆಡ್ ಆವರಣಕ್ಕೆ, ಬಂದು ಸೇರಿತು. 21ನೆಯ ಶತಮಾನದಲ್ಲಿ ಅಲ್ಲಿನ ವಿದ್ವಾಂಸರು ಕಾಲಿನ ಎಲುಬುಗಳನ್ನು ಪರೀಕ್ಷಿಸಿ ಕಂಡುದು ಯಾವ ಅದ್ಭುತವನ್ನೂ ಅಲ್ಲ. ಯಾವ ಅಂಗವೂ ಅತಿಯಾಗಿರದ, ಹದವಾದ ಮಧ್ಯಮ ಪ್ರಮಾಣವನ್ನು.

ಇಂದು ಬೆಂಗಳೂರು, ಮೈಸೂರುಗಳ ಬಯಲುಗಳಲ್ಲಿ ಓಡುವ ಕುದುರೆಗಳೂ ಈ ಕುಲದವೇ. ಎಕ್ಲಿಪ್ಸ್ ಬದುಕಿದ್ದ ಶತಮಾನದಲ್ಲಿ ಹೈದರ್ ಅಲಿ, ಟಿಪ್ಪು ಸುಲ್ತಾನರ ಸೈನ್ಯಕ್ಕಾಗಿ ಕುದುರೆಗಳನ್ನು ಸಾಕಿದ ಕುಣಿಗಲ್ಲಿನಲ್ಲಿಯೂ ಮುಂದೆ ಥರೋಬ್ರೆಡ್ ಮರಿಗಳನ್ನು ಬೆಳೆಸಿದರು. ಆದರೆ ಗೆದ್ದವನನ್ನೇ ತಂದೆಯಾಗಿ ಆರಿಸುವ ನೀತಿಯು ತನ್ನ ಮಿತಿಯನ್ನು ಮುಟ್ಟುತ್ತಿದೆ. 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಪರೀಕ್ಷಿಸಿದಾಗ, ಹಿಂದಿನ ಸುಮಾರು 45 ವರ್ಷಗಳಲ್ಲಿ ಸಗೋತ್ರ ಸಂಬಂಧವು ಬಹಳ ಹೆಚ್ಚಿರುವುದು ಕಂಡುಬಂದಿತು. ಅವುಗಳಲ್ಲಿ ಶೇಕಡಾ 97ರ ವಂಶಾವಳಿಯಲ್ಲಿ ನಾರ್ದರ್ನ್ ಡಾನ್ಸರ್ ಎಂಬ ಒಂದೇ ಕುದುರೆಯ ಹೆಸರಿದ್ದಿತು. ಅದೂ ಎಕ್ಲಿಪ್ಸಿನ ಸಾಲಿನದೇ. ಒಂದೇ ಬೇರಿನ ಮೇಲೆ ನಿಂತ ಮರಕ್ಕೆ ಗಾಳಿಯ ಭಯ ಹೆಚ್ಚು.

ಎಕ್ಲಿಪ್ಸ್ ಯಾವುದರಿಂದ ಬಂದಿತೆಂಬುದನ್ನು ನೆನೆಯುವವರಿಗೆ ಈ ಭಯದ ಅರ್ಥವು ತಿಳಿಯುವುದು. ಅದು ಗೆದ್ದವನ ಮಗನಲ್ಲ. ಬೆಲೆಯಿಲ್ಲವೆಂದು ಹೊರಕ್ಕೆ ಹಾಕಿದ ಮಾರ್ಸ್ಕನ ಮಗ. ಹೆಸರಿಲ್ಲದ ಕುದುರೆಗಳಿಗೂ ಸಂತಾನದ ಅವಕಾಶವಿದ್ದ ಕಾಲದಲ್ಲಿ ಅದು ಹುಟ್ಟಿತು. ವಿಜಯಿಗಳಿಗೆ ಮಾತ್ರ ಬಾಗಿಲು ತೆರೆದಿರುವ ಲಾಯದಲ್ಲಿ ಮಾರ್ಸ್ಕನಿಗೆ ಎಡೆಯಿರುವುದಿಲ್ಲ. ಮಾರ್ಸ್ಕನಿಲ್ಲದೆ ಎಕ್ಲಿಪ್ಸೂ ಇಲ್ಲ.